ಪೊರೆ ಮತ್ತು ಚರ್ಮ

ಜೂನ್ 16, ಸೋಮವಾರ. ಮಂಡ್ಯ

ಸಿದ್ದರಾಜು ಇವತ್ತು ಸ್ಕ್ಯಾನ್ ಕೋಣೆಗೆ ಹೊಸ ಗಡಿಯಾರ ಹಾಕಿಸಿದರು. ಮೊದಲೂ ಒಂದಿತ್ತು, ಅದು ನನ್ನ ಬೆನ್ನ ಹಿಂದೆ ಇತ್ತು. ಇದು ಎದುರಿಗೆ, ಸ್ಕ್ರೀನಿನ ಪಕ್ಕದಲ್ಲೇ ಇದೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆಯ ಸೆಂಟರುಗಳು ಅವರವೇ. ಗಡಿಯಾರವೂ ಅವರದೇ.

"ಒಬ್ಬರಿಗೆ ಹತ್ತು ನಿಮಿಷ ಸಾಕು ಮೇಡಂ. ಮಳವಳ್ಳೀಲಿ ಸ್ವಾಮಿ ಅಷ್ಟು ಹೊತ್ತೂ ತಗೊಳಲ್ಲ."

"ಅಷ್ಟರಲ್ಲಿ ಮಗು ತಿರುಗಬೇಕಲ್ಲ."

"ನೀವು ತಿರುಗಿಸಿ. ಅದಕ್ಕೇ ತಾನೆ ಎಂ.ಡಿ. ಓದಿರೋದು?"

ಮೂರನೇ ತಿಂಗಳಲ್ಲಿ ಮಗುವಿನ ಕತ್ತಿನ ಹಿಂದೆ, ಚರ್ಮದ ಅಡಿಯಲ್ಲಿ, ತೆಳುವಾದ ಒಂದು ನೀರಿನ ಪದರ ಇರುತ್ತದೆ. ನಾನು ಅಳೆಯುವುದು ಅದನ್ನು. ಸಾಮಾನ್ಯವಾಗಿ ಒಂದೂವರೆ, ಎರಡು ಮಿಲಿಮೀಟರು. ಮೂರೂವರೆ ದಾಟಿದರೆ ಮಗುವಿನ ಹೃದಯದಲ್ಲೋ ವರ್ಣತಂತುವಿನಲ್ಲೋ ತೊಂದರೆ ಇರಬಹುದೆಂಬ ಅನುಮಾನ. ಮಗು ಗದ್ದ ಎತ್ತಿ ಮಲಗಿದ್ದರೆ ಅಳತೆ ಹೆಚ್ಚು ಬರುತ್ತದೆ, ಎದೆಗೆ ಒತ್ತಿಕೊಂಡಿದ್ದರೆ ಕಡಿಮೆ. ಆದ್ದರಿಂದ ಅದು ಸರಿಯಾಗಿ ಮಲಗುವ ತನಕ ಕಾಯಬೇಕು. ತಾಯಂದಿರನ್ನು ಹೊರಗೆ ನಡೆದುಬರಲು ಕಳಿಸುತ್ತೇನೆ. ಬೆನ್ನ ಹಿಂದೆ ನನಗೆ "ವಾಕಿಂಗ್ ಡಾಕ್ಟ್ರು" ಅನ್ನುತ್ತಾರಂತೆ. ಅನ್ನಲಿ.

ಕೆಲಸದಲ್ಲಿ ನಾನು ಮಾತಾಡುವುದು ಕಡಿಮೆ. ಮಲಗಿ. ಉಸಿರಾಡಿ. ಏಳಿ. ಮಾತು ಬೆಳೆದರೆ ಪ್ರಶ್ನೆ ಬೆಳೆಯುತ್ತದೆ, ಪ್ರಶ್ನೆ ಬೆಳೆದರೆ ಕೈ ಅಲುಗುತ್ತದೆ. ಆ ಮಬ್ಬುಗತ್ತಲೆಯ ಕೋಣೆ, ಯಂತ್ರದ ಸಣ್ಣ ಗುಂಯ್ ಸದ್ದು, ಇಷ್ಟಿದ್ದರೆ ನನಗೆ ಸಾಕು.

ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕವನ ಓದಿದೆ. ಯಾರೂ ತಟ್ಟಲಿಲ್ಲ. ಒಳ್ಳೆಯ ದಿನ.

ಜೂನ್ 19, ಗುರುವಾರ. ಮದ್ದೂರು

ಊಟದ ಹೊತ್ತಿಗೆ ಪುಸ್ತಕ ತೆರೆದಿದ್ದೆ. ಬಾಗಿಲು ತಟ್ಟದೆ ಒಬ್ಬರು ಒಳಗೆ ಬಂದರು. ಅರವತ್ತರ ಆಸುಪಾಸು, ಗಟ್ಟಿ ಆಳು, ಕೈಯಲ್ಲಿ ನಮ್ಮ ಸೆಂಟರಿನ ಕವರು.

"ಅರುಂದತಿ ಡಾಕ್ಟ್ರು ಅಂದ್ರೆ ನೀವೇಯಾ?"

"ಈಗ ಊಟದ ಸಮಯ. ಆಮೇಲೆ ಬನ್ನಿ."

"ಉಣ್ಣಿ, ಬ್ಯಾಡ ಅಂದೋರ್ಯಾರು? ನಾನ್ ಇಲ್ಲೇ ಕುಂತಿರ್ತೀನಿ." ಕುಳಿತೇಬಿಟ್ಟರು. "ನಮ್ದು ಬಂಡೂರು. ಚಲುವಮ್ಮ ಅಂತ. ಓದ್ ಸನಿವಾರ ಮಳವಳ್ಳೀಲಿ ನನ್ ಸೊಸೆ ಒಟ್ಟೆ ನೋಡಿ, ಮಗು ಸರ್ಯಾಗಿಲ್ಲ ಅಂತ ಬರ್ಕೊಟ್ಟಿದ್ದೀರಲ್ಲ, ಅದೇನ್ ನೋಡುದ್ರಿ ಅಂತ ಕೇಳಕ್ ಬಂದೆ."

ನಾನು ಮಳವಳ್ಳಿಗೆ ಹೋಗುವುದೇ ಇಲ್ಲ, ಅಲ್ಲಿ ನೋಡುವುದು ಡಾಕ್ಟರ್ ಸ್ವಾಮಿ ಎಂದೆ.

"ಅಂಗಾದ್ರೆ ಈ ಸೈನು ಯಾರ್ದು? ನಿಮ್ ದೆವ್ವ ಬಂದಿತ್ತಾ?"

ಕವರು ತೆಗೆದೆ. ಕುಸುಮ, ಇಪ್ಪತ್ತಮೂರು ವರ್ಷ, ಹನ್ನೆರಡನೇ ವಾರ. ಕತ್ತಿನ ಹಿಂದಿನ ಪದರ 3.7. ಅದರ ಕೆಳಗೆ ನನ್ನ ಹೆಸರು, ನನ್ನ ಸರ್ಟಿಫಿಕೇಟಿನ ನಂಬರು, ನನ್ನ ಸಹಿಯ ಅಚ್ಚು. ಈ ಅಳತೆಗೆ ಬೇರೆ ತರಬೇತಿ ಬೇಕು; ವರ್ಷಕ್ಕೊಮ್ಮೆ ನಮ್ಮ ಚಿತ್ರಗಳನ್ನು ತರಿಸಿಕೊಂಡು ಪರೀಕ್ಷಿಸುತ್ತಾರೆ. ಆ ಸರ್ಟಿಫಿಕೇಟು ಇಲ್ಲದವರ ಅಳತೆಯನ್ನು ಬೆಂಗಳೂರಿನ ಲ್ಯಾಬು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೂರೂ ಸೆಂಟರಿನಲ್ಲಿ ಅದಿರುವುದು ನನ್ನೊಬ್ಬಳಿಗೆ. ನಾನು ಕಣ್ಣಲ್ಲೂ ಕಾಣದ ಹೊಟ್ಟೆಯ ಬಗ್ಗೆ ನಾನೇ ಬರೆದುಕೊಟ್ಟಿದ್ದೇನೆ.

"ಮಂಗಳವಾರ ಬನ್ನಿ, ತೆಗ್ದುಬುಡಣ ಅಂದವ್ರೆ ಇಲ್ಲಿ ನರ್ಸಿಂಗ್ ಓಮಲ್ಲಿ. ಸೊಸೆ ಅನ್ನ ಬುಟ್ಟವ್ಳೆ."

"ಈ ಅಳತೆ ತೀರ್ಪಲ್ಲಮ್ಮ. ಜರಡಿ ಇದ್ದಹಾಗೆ. ಅನುಮಾನ ಬಂದರೆ ಇನ್ನೊಂದು ಪರೀಕ್ಷೆ ಮಾಡಿ ನೋಡಬೇಕು."

"ಮತ್ತೆ? ಜಲ್ಲಡೇಲಿ ಉಳುದದ್ದ ಯಾರಾದ್ರೂ ಅಂಗೇ ತಿಪ್ಪೆಗ್ ಸುರೀತಾರಾ? ಕತ್ತು ದಪ್ಪ ಅಂತೆ. ನಮ್ ಬಂಡೂರ್ ಕುರೀಲಿ ಕತ್ತು ದಪ್ಪ ಇದ್ರೆ ಬೆಲೆ ಜಾಸ್ತಿ ಕಣಮ್ಮ!" 'ಇಲ್ಲಿ ಭ್ರೂಣದ ಲಿಂಗ ತಿಳಿಸುವುದಿಲ್ಲ' ಎಂಬ ಗೋಡೆಯ ಬೋರ್ಡಿನ ಕಡೆ ಕೈ ತೋರಿಸಿದರು. "ಗಂಡೋ ಎಣ್ಣೋ ಅಂತ ಕೇಳಕ್ ಬಂದೋಳಲ್ಲ ನಾನು. ಆ ಐಬು ಐತಾ ಇಲ್ವಾ, ಅಷ್ಟ್ ಏಳಿ."

ನಗು ಬಂದಿತ್ತು. ನಗಲಿಲ್ಲ. ಶನಿವಾರ ಸೊಸೆಯನ್ನು ಮಳವಳ್ಳಿಗೆ ಕರೆತನ್ನಿ, ನಾನೇ ಬಂದು ನೋಡುತ್ತೇನೆ ಎಂದೆ. ಮುಂದಿನ ವಾರ ಕಳೆದರೆ ಈ ಪದರವನ್ನು ಅಳೆಯುವ ಕಾಲವೇ ಮುಗಿದುಹೋಗುತ್ತದೆ.

ಬಾಗಿಲಲ್ಲಿ ತಿರುಗಿ, "ಯಾವೂರಮ್ಮ ನಿಮ್ದು?" ಎಂದರು.

"ಬಸರಾಳು."

"ಬಸರಾಳಲ್ಲಿ ಯಾರ್ ಪೈಕಿ?"

ಈ ಪ್ರಶ್ನೆಯ ಒಳಗಿನ ಪ್ರಶ್ನೆ ನನಗೆ ಚಿಕ್ಕಂದಿನಿಂದ ಗೊತ್ತು. ಸಾಮಾನ್ಯವಾಗಿ ಮಾತು ತೇಲಿಸಿಬಿಡುತ್ತೇನೆ. ಇವತ್ತು ಆ ಸಹಿ ನೋಡಿದ ಸಿಟ್ಟಿತ್ತು. "ಕೆಳಗಿನ ಬೀದಿಯ ಮರಿಸಿದ್ದಯ್ಯನವರ ಮಗಳು. ನಮ್ಮ ಮನೆಯಲ್ಲಿ ಬುದ್ಧನ ಫೋಟೊ ಇದೆ" ಎಂದೆ.

"ಓ" ಎಂದರು. ಆ "ಓ" ಕೂಡ ನನಗೆ ಗೊತ್ತು.

ಶನಿವಾರ ಬರುತ್ತಾರೋ ಇಲ್ಲವೋ.

ಜೂನ್ 20, ಶುಕ್ರವಾರ. ಮಂಡ್ಯ

ಬೆಳಿಗ್ಗೆ ನೇರವಾಗಿ ಸಿದ್ದರಾಜು ಕೋಣೆಗೆ ಹೋದೆ.

"ಮಳವಳ್ಳಿಯ ರಿಪೋರ್ಟಿಗೆ ನನ್ನ ಸಹಿ ಯಾರು ಹಾಕಿದ್ದು?"

"ಕಂಪ್ಯೂಟರ್ ತಾನೇ ಹಾಕತ್ತೆ ಮೇಡಂ."

"ಕಂಪ್ಯೂಟರಿಗೆ ಹೇಳಿದ್ದು ಯಾರು?"

"ಏನ್ ಮೇಡಂ ನೀವು! ಎಲ್ಲ ಕಡೆ ನಡೆಯೋದೇ ಇದು. ಮೂರು ತಾಲ್ಲೂಕಲ್ಲೂ ನಿಮ್ಮ ಹೆಸರೇ ಓಡ್ತಿದೆ ಅಂತ ಖುಷಿಪಡಿ."

ಇನ್ನು ಮೇಲೆ ನನ್ನ ಕಣ್ಣು ನೋಡದ್ದರ ಕೆಳಗೆ ನನ್ನ ಹೆಸರು ಬರಕೂಡದು ಎಂದೆ. ಹಾಗಾದರೆ ಮಳವಳ್ಳಿ ನಡೆಯುವುದು ಹೇಗೆ ಎಂದರು. ನಡೆಯದಿದ್ದರೆ ಬೇಡ ಎಂದೆ. ಟೀ ತರಿಸಿದರು. ಕುಡಿಯಲಿಲ್ಲ.

ಸ್ವಾಮಿಗೆ ಫೋನು ಮಾಡಿದೆ. ಹುಡುಗ ಬುದ್ಧಿವಂತ, ಮಾತೂ ಚುರುಕು. "ಮೂರು ಸಲ ಅಳೆದಿದ್ದೀನಿ ಮೇಡಂ. ಮೂರೂ ಸಲ ಒಂದೇ ಬಂತು."

"ಗುರುತನ್ನು ಮೂರು ಸಲವೂ ಒಂದೇ ತಪ್ಪು ಜಾಗದಲ್ಲಿ ಇಟ್ಟರೂ ಒಂದೇ ಬರುತ್ತದೆ" ಎಂದೆ. ಚಿತ್ರ ಕಳಿಸಿದ.

ದೊಡ್ಡದು ಮಾಡಿ ನೋಡಿದೆ. ಮಗು ಅಂಗಾತ ಮಲಗಿದೆ. ಕತ್ತಿನ ಹಿಂದೆ ಕಪ್ಪು ಪಟ್ಟಿ, ಅದರಾಚೆ ಒಂದು ತೆಳು ಬಿಳಿ ಗೆರೆ. ಅದನ್ನೇ ಚರ್ಮವೆಂದು ಹಿಡಿದಿದ್ದಾನೆ. ಈ ತಿಂಗಳಲ್ಲಿ ಮಗುವನ್ನು ಸುತ್ತಿದ ಪೊರೆಯೂ ಅಂಥದೇ ಬಿಳಿ ಗೆರೆಯಾಗಿ ಕಾಣುತ್ತದೆ. ಮಗು ಅದರ ಮೇಲೆ ಒರಗಿದ್ದರೆ ಯಾವುದು ಪೊರೆ, ಯಾವುದು ಚರ್ಮ ಎಂದು ನಿಂತ ಚಿತ್ರದಿಂದ ತಿಳಿಯುವುದಿಲ್ಲ. ಮಗು ಒಮ್ಮೆ ಜಿಗಿಯಬೇಕು. ಜಿಗಿದರೆ ಚರ್ಮ ಮಗುವಿನ ಜೊತೆ ಮೇಲೇಳುತ್ತದೆ, ಪೊರೆ ಅಲ್ಲೇ ಉಳಿಯುತ್ತದೆ.

ಅದು ಪೊರೆಯೇ ಎಂದು ಈಗಲೇ ನಂಬಿಬಿಡಲು ಮನಸ್ಸು ತುದಿಗಾಲಲ್ಲಿ ನಿಂತಿದೆ. ನಂಬಬಾರದು. ಬೇಕಾದದ್ದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಹೋದ ಕಣ್ಣು ಅದನ್ನೇ ಅಳೆದು ತರುತ್ತದೆ.

ಜೂನ್ 21, ಶನಿವಾರ. ಮಳವಳ್ಳಿ

ಬಂದಿದ್ದರು. ನನಗಿಂತ ಮೊದಲೇ.

ಕುಸುಮ ಕಡ್ಡಿಯಂಥ ಹುಡುಗಿ. ನಮಸ್ಕಾರವನ್ನೂ ಹೇಳಲಿಲ್ಲ. ಸ್ವಾಮಿ ಕೈಕಟ್ಟಿಕೊಂಡು ಗೋಡೆಗೆ ಒರಗಿ ನಿಂತ. ಮಗು ಅದೇ ಭಂಗಿಯಲ್ಲಿ ಅಂಗಾತ, ಗಾಢ ನಿದ್ದೆ. ಎರಡು ಗೆರೆ ಒಂದಕ್ಕೊಂದು ಅಂಟಿಕೊಂಡಂತಿವೆ. ನಡೆದುಬನ್ನಿ ಎಂದೆ.

ಸೆಂಟರಿನ ಹಿಂದೆ ಒಂದು ಅಂಗಳವಿದೆ. ಹೊಂಗೆ ಮರ, ಸ್ಕೂಟರುಗಳು, ಒಣಹಾಕಿದ ಬೆಡ್‌ಶೀಟುಗಳು. ಅತ್ತೆ ಮುಂದೆ, ಸೊಸೆ ಹಿಂದೆ. ಮತ್ತೆ ಮಲಗಿಸಿದೆ. ಮಗು ಅಲುಗಲಿಲ್ಲ. ಮತ್ತೆ ಕಳಿಸಿದೆ. ಹೊರಗೆ ಕಾದಿದ್ದ ಹೆಂಗಸರು ಗೊಣಗತೊಡಗಿದರು.

"ಏನವ್ವ, ಅವ್ಳೊಬ್ಳೇಯಾ ಬಸ್ರಿ? ನಮ್ದೇನ್ ದಿಂಬಾ?"

"ನಿನ್ನೂ ನಡೆಸ್ತಾರೆ ಇರು, ಅವಸ್ರ ಯಾಕೆ?" ಅಂಗಳದಿಂದ ಚಲುವಮ್ಮನ ಉತ್ತರ.

ಸಿದ್ದರಾಜು ಫೋನು ಮಾಡಿದರು. ತೆಗೆಯಲಿಲ್ಲ. ಮುಂಬಾಗಿಲಲ್ಲಿ ಚೀಟಿ ಕೊಡುವ ನಾಗಶ್ರೀಗೆ ಮಾಡಿದರು. ಅವಳು ಬಂದು, "ಸಾರು, ಇನ್ನೂ ಯಾಕ್ ಮುಗ್ದಿಲ್ಲ ಅಂತ ಕೇಳ್ತಾವ್ರೆ ಮೇಡಂ, ಏನ್ ಏಳ್ಲಿ?" ಎಂದಳು.

"ಮಗು ಮಲಗಿದೆ ಅಂತ ಹೇಳು."

ಅವಳು ಹಾಗೇ ಹೇಳಿದಳು. ಆ ಕಡೆ ಅವರು ಕೂಗಿದ್ದು ನನಗೂ ಕೇಳಿಸಿತು.

ಕರೆಂಟು ಹೋಯಿತು. ನಾನೂ ಅಂಗಳಕ್ಕೆ ಹೋದೆ. ಕುಸುಮ ನನ್ನ ಮೇಜಿನ ಮೇಲಿದ್ದ ಕವನದ ಪುಸ್ತಕ ಎತ್ತಿಕೊಂಡು ಓದುತ್ತಾ ನಡೆಯುತ್ತಿದ್ದಳು. ಕೇಳದೆ ತೆಗೆದುಕೊಂಡಿದ್ದಕ್ಕೆ ಗದರಬೇಕೆಂದಿದ್ದೆ. ಅವಳೇ ಮೊದಲ ಸಲ ಬಾಯಿ ಬಿಟ್ಟಳು: "ಮೇಡಂ, ಇದ್ರಲ್ಲಿ ಎಲ್ರೂ ಯಾರ್ನೋ ಕಾಯ್ತಾನೇ ಅವ್ರೆ."

ಎಷ್ಟು ಸಲ ಓದಿದ್ದೇನೆ ಅದನ್ನು. ನನಗೆ ಹಾಗೆ ಅನ್ನಿಸಿರಲೇ ಇಲ್ಲ.

ಕರೆಂಟು ಬಂತು. ಮಲಗಿಸಿದೆ. ಕೆಮ್ಮು ಎಂದೆ. ಕೆಮ್ಮಿದಳು, ಸಾವಕಾಶವಾಗಿ, ಯಾರಿಗೋ ತೊಂದರೆಯಾದೀತು ಎಂಬಂತೆ.

"ಜೋರಾಗ್ ಕೆಮ್ಮೇ!" ಬಾಗಿಲಾಚೆಯಿಂದ ಅತ್ತೆ. "ಬೆಳೆಗ್ ಬಿದ್ದ ಕುರಿ ಓಡ್ಸೋವಾಗ ಊರೇ ಕೇಳೋ ಅಂಗ್ ಕೂಗ್ತಿದ್ದೆ, ಈಗೇನಾಗದೆ?"

ಕುಸುಮ ನಕ್ಕುಬಿಟ್ಟಳು. ಹೊಟ್ಟೆಯೆಲ್ಲ ಕುಲುಕಿತು. ಮಗು ಜಿಗಿಯಿತು.

ಜಿಗಿದ ಮಗುವಿನ ಬೆನ್ನಿನೊಂದಿಗೇ ಚರ್ಮ ಎದ್ದು ಬಂತು. ಆ ತೆಳು ಗೆರೆ ಮಾತ್ರ ಕೆಳಗೇ ಉಳಿದು, ಒಂಟಿಯಾಗಿ, ಸಣ್ಣಗೆ ನಡುಗಿತು. "ನೋಡು ಸ್ವಾಮಿ, ನೋಡು!" ಎಂದೆ. ಅವನು ಯಾವಾಗಲೋ ನನ್ನ ಹೆಗಲ ಹತ್ತಿರ ಬಂದು ನಿಂತಿದ್ದ.

ಅಳೆದೆ. 1.6. ಮತ್ತೆ 1.7. ಮತ್ತೆ 1.6.

ಸ್ಕ್ರೀನನ್ನು ಕುಸುಮಳ ಕಡೆ ಸ್ವಲ್ಪ ತಿರುಗಿಸಿ ಕತ್ತು ತೋರಿಸಿದೆ. ಇದು ಚರ್ಮ, ಇದು ಪೊರೆ, ನಡುವೆ ಇರುವುದು ಮಗು ತೇಲುವ ನೀರು, ಅದನ್ನೂ ಸೇರಿಸಿ ಅಳೆದಿದ್ದಾರೆ ಎಂದೆ. ಬೆರಳು ಚಾಚಿ ಸ್ಕ್ರೀನು ಮುಟ್ಟಿದಳು. ಹೊಟ್ಟೆಗೆ ಹಚ್ಚಿದ್ದ ಜೆಲ್ ಅದಕ್ಕೆ ಮೆತ್ತಿತು. ನಾನು ಒರೆಸಲಿಲ್ಲ.

ಆಮೇಲೆ ಕಾರಿಡಾರಿನಲ್ಲಿ ಸ್ವಾಮಿ ಹೇಳಿದ: "ಅವತ್ತು ಇತ್ತು ಮೇಡಂ. ಈಗ ಕಡಿಮೆಯಾಗಿರಬಹುದು. ಆಗುತ್ತಲ್ಲ ಕೆಲವು ಸಲ?"

"ಆಗುತ್ತೆ. ಇದು ಆಗಿದ್ದಲ್ಲ. ನೀನೇ ನೋಡಿದೆ."

ಉಳಿದವರನ್ನೆಲ್ಲ ನೋಡಿ ಮುಗಿಸುವ ಹೊತ್ತಿಗೆ ಸಂಜೆ. ಚಲುವಮ್ಮ ಬಸ್ಸಿಗೆ ಹೋಗದೆ ಕಾದಿದ್ದರು. ಮಡಿಲಿನಿಂದ ಹುರಿದ ಕಡಲೆಕಾಯಿ ತೆಗೆದು ನನ್ನ ಕೈಗೆ ಹಾಕಿದರು, ನನ್ನ ಕೈಯಿಂದಲೇ ತಾವೂ ಒಂದೆರಡು ಎತ್ತಿಕೊಂಡರು. ಉಪ್ಪು ಜಾಸ್ತಿಯಾಗಿತ್ತು.

ಜೂನ್ 22, ಭಾನುವಾರ

ಸಿದ್ದರಾಜು ಫೋನು. "ಒಳ್ಳೇ ಕೆಲಸ ಮಾಡಿದ್ರಿ ಮೇಡಂ. ರಿಪೋರ್ಟಲ್ಲಿ 'ಮರುಪರೀಕ್ಷೆಯಲ್ಲಿ ಕಡಿಮೆಯಾಗಿದೆ' ಅಂತ ಒಂದು ಸಾಲು ಹಾಕಿಬಿಡಿ. ಅವರಿಗೂ ಸಮಾಧಾನ, ನಮಗೂ ಸಮಾಧಾನ."

ಆ ಒಂದು ಸಾಲಿನಲ್ಲಿ ಎಲ್ಲ ಇದೆ. ನಿಜವಾಗಿ ಹೆಚ್ಚಿದ್ದು ಆಮೇಲೆ ಕಡಿಮೆಯಾದರೆ, ಅನುಮಾನ ಕಡಿಮೆಯಾಗುವುದಿಲ್ಲ. ಕಡಿಮೆಯಾಗಿದೆ ಎಂದು ಬರೆದರೆ ಮಂಗಳವಾರ ಆ ನರ್ಸಿಂಗ್ ಹೋಮಿನಲ್ಲಿ, "ಒಮ್ಮೆ ಇತ್ತಲ್ಲ, ಯಾಕೆ ಅಪಾಯ" ಎಂದು ಹುಡುಗಿಯನ್ನು ಮಲಗಿಸಿಬಿಡುತ್ತಾರೆ.

ಅದನ್ನೇ ಹೇಳಿ ಫೋನು ಇಟ್ಟೆ. ನನ್ನ ಗಂಡ ಅಶೋಕ್ ಪೇಪರು ಮಡಿಚಿ ನಗುತ್ತಿದ್ದರು.

"ಮದುವೆಯಾದ ಮೇಲೆ ನಿನ್ನ ಬಾಯಲ್ಲಿ ಬಸರಾಳು ಕೇಳಿದ್ದು ಇದೇ ಮೊದಲು."

"ನಾನೇನಂದೆ?"

"'ಬರಿಯಕಿಲ್ಲ ಬುಡಿ' ಅಂದೆ."

ಹಾಗೆ ಹೇಳಿರಲಾರೆ.

ಜೂನ್ 23, ಸೋಮವಾರ. ಮಂಡ್ಯ

ಸಿದ್ದರಾಜು ಸ್ವಾಮಿಯನ್ನೂ ಕರೆಸಿದ್ದರು. ಟೀ ಇರಲಿಲ್ಲ.

ರಿಪೋರ್ಟು ಓದಿದರು. ನಾನು ಬರೆದದ್ದು ಇಷ್ಟು: ಪದರ 1.7, ಮೂರು ಅಳತೆಗಳಲ್ಲಿ ದೊಡ್ಡದು. ಹಿಂದಿನ ವರದಿಯ 3.7 ತಪ್ಪು, ಪೊರೆಯನ್ನು ಚರ್ಮವೆಂದು ಅಳೆಯಲಾಗಿದೆ. ಆ ವರದಿಯ ಸ್ಕ್ಯಾನನ್ನು ನಾನು ಮಾಡಿಲ್ಲ, ಅದರ ಕೆಳಗಿನ ಸಹಿಯನ್ನು ನಾನು ಹಾಕಿಲ್ಲ.

"ತಪ್ಪು ಅನ್ನೋ ಪದ ಬೇಡ ಮೇಡಂ."

"ಬೇರೆ ಪದ ಇದೆಯಾ?"

"ನನ್ನ ಲೆಟರ್‌ಹೆಡ್ಡಲ್ಲಿ ಇದು ಹೊರಗೆ ಹೋಗಲ್ಲ."

"ಬಿಳಿ ಹಾಳೆ ಸಾಕು. ನನ್ನ ಹೆಸರು, ನನ್ನ ನೋಂದಣಿ ನಂಬರು ನನ್ನ ಹತ್ತಿರವೇ ಇದೆ."

"ಕೆಲಸ ಬೇಡ್ವಾ ನಿಮಗೆ?"

"ಬೇಕು. ತೆಗೀತೀರಾ ತೆಗೀರಿ. ಆದ್ರೆ ಮೊದ್ಲು ಆ ಕಂಪ್ಯೂಟರಿಂದ ನನ್ ಸೈನು ತೆಗೀರಿ. ನೋಡ್ದೇ ಇರೋದಕ್ಕೆ ನನ್ನ ಹೆಸರಿದ್ರೆ ಒಪ್ಪಬೇಡಿ ಅಂತ ಲ್ಯಾಬಿಗೂ ಬರ್ದಾಗದೆ."

ಅವರ ಮುಖ ಕೆಂಪಾಯಿತು. ಸ್ವಾಮಿಯ ಕಡೆ ತಿರುಗಿದರು. "ನೀನೇ ಹೇಳಪ್ಪ. ಅವತ್ತು ಇತ್ತು ತಾನೆ? ಹೂಂ ಅನ್ನು, ಮುಗೀತು."

ಸ್ವಾಮಿ ಗೋಡೆ ನೋಡಿದ. ನನ್ನನ್ನು ನೋಡಲಿಲ್ಲ. ಅವನು ಹೂಂ ಅಂದಿದ್ದರೆ ನನ್ನ ಮಾತಿಗೆ ಎದುರು ಅವನ ಮಾತು, ಅಷ್ಟೇ ಆಗುತ್ತಿತ್ತು.

"ಗೊತ್ತಿಲ್ಲ ಸಾರ್" ಎಂದ. "ನಾನು ಅವತ್ತು ಕಾಯಲಿಲ್ಲ."

ಜೂನ್ 24, ಮಂಗಳವಾರ. ಮದ್ದೂರು

ಹೋದೆ. ಯಾರೂ ಕರೆದಿರಲಿಲ್ಲ.

ನರ್ಸಿಂಗ್ ಹೋಮಿನ ಡಾಕ್ಟರು ಬಿಳಿ ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದರು. ಹಿರಿಯರು, ನಾನು ಗೌರವಿಸುವವರು. "ಅಂದರೆ, ಕಡಿಮೆಯಾಗಿದೆ?"

"ಕಡಿಮೆಯಾಗಿಲ್ಲ. ಇರಲೇ ಇಲ್ಲ."

"ನಾಳೆ ಏನಾದರೂ ಆದರೆ?"

"ಎಲ್ಲವೂ ಸರಿಯಿದೆ ಅಂತ ನಾನು ಬರೆದಿಲ್ಲ ಸಾರ್. ಯಾವ ಮಗುವಿಗೂ ಹಾಗೆ ಬರೆಯೋಕಾಗಲ್ಲ. ಈ ಅನುಮಾನಕ್ಕೆ ಕಾರಣವಿಲ್ಲ ಅಂತ ಬರೆದಿದ್ದೀನಿ. ರಕ್ತದ ಪರೀಕ್ಷೆ ಮಾಡಿಸಿ. ಐದನೇ ತಿಂಗಳಲ್ಲಿ ಮತ್ತೆ ಸ್ಕ್ಯಾನ್ ಮಾಡ್ತೀನಿ. ಇವತ್ತು ಈ ಹುಡುಗಿ ಮನೆಗೆ ಹೋಗ್ಬೇಕು."

ಅವರು ಹಾಳೆಯನ್ನೂ ನನ್ನನ್ನೂ ನೋಡಿದರು. ಆಮೇಲೆ ನರ್ಸನ್ನು ಕರೆದು ಇವತ್ತಿನದು ಬೇಡ ಎಂದರು.

ಎದುರಿನ ಹೋಟೆಲಿನಲ್ಲಿ ಕುಸುಮ ಇಡ್ಲಿ ತಿಂದಳು. ಇನ್ನೊಂದು ಪ್ಲೇಟು ತರಿಸಿದಳು. ಅತ್ತೆ ಚಟ್ನಿ ಸರಿಯಿಲ್ಲವೆಂದು ಹೋಟೆಲಿನವನ ಜೊತೆ ಜಗಳ ತೆಗೆದರು. ನಾನೂ ಅವರ ಪರ ಸೇರಿಕೊಂಡೆ. ಚಟ್ನಿ ನಿಜವಾಗಿಯೂ ನೀರಾಗಿತ್ತು.

ಜುಲೈ 5, ಶನಿವಾರ. ಮಳವಳ್ಳಿ

ಬರೆಯಲು ಆಗಿರಲಿಲ್ಲ.

ಸಿದ್ದರಾಜು ನನ್ನನ್ನು ಮಂಡ್ಯದಿಂದ ತೆಗೆದು ದಿನವೂ ಮಳವಳ್ಳಿಗೆ ಹಾಕಿದ್ದಾರೆ. ಬಸ್ಸಿನಲ್ಲಿ ಓಡಾಡಿ ಸುಸ್ತಾಗಲಿ ಎಂದು. ನನ್ನ ಸಹಿ ಕಂಪ್ಯೂಟರಿನಿಂದ ಹೋಗಿದೆ. ಲ್ಯಾಬಿನವರು ತಾವೇ ಕೇಳಿದ ಮೇಲೆ ಹೋಯಿತು. ಸರ್ಟಿಫಿಕೇಟು ಇರುವ ಬೇರೊಬ್ಬರನ್ನು ಸಿದ್ದರಾಜು ಹುಡುಕುತ್ತಿದ್ದಾರಂತೆ. ಸಿಗಲಿ. ಸಿಕ್ಕವರೂ ಕಾಯಬೇಕಾಗುತ್ತದೆ, ಮಕ್ಕಳೇನೂ ಬದಲಾಗುವುದಿಲ್ಲ. ನನ್ನ ಹಿಂದೆಯೇ ಗಡಿಯಾರವೂ ಮಳವಳ್ಳಿಗೆ ಬಂದಿದೆ. ನಾಗಶ್ರೀ ಅದನ್ನು ಅಂಗಳದ ಕಡೆಯ ಗೋಡೆಗೆ ಹಾಕಿಸಿದಳು. ನಡೆಯುವವರಿಗೆ ಬಸ್ಸಿನ ಹೊತ್ತು ತಿಳಿಯಲಿ ಎಂದಳು.

ಅಂಗಳದಲ್ಲಿ ಇವತ್ತು ನಾಲ್ಕೈದು ಮಂದಿ ಸುತ್ತು ಹಾಕುತ್ತಿದ್ದರು. ಕಿರುಗಾವಲಿನ ಹೆಂಗಸೊಬ್ಬಳು ಹಾಸಿಗೆಯ ಮೇಲೆ ಮಲಗಿ ತನ್ನ ಗಂಡನ ಗೊರಕೆಯ ಕಥೆ ಹೇಳಿದಳು. ನಾನು ನಮ್ಮಪ್ಪನ ಗೊರಕೆಯ ಕಥೆ ಹೇಳಿದೆ. ನಗುವಿನಲ್ಲಿ ಮಗು ತಾನೇ ತಿರುಗಿತು. ಕೆಮ್ಮಿಸುವುದಕ್ಕಿಂತ ಇದೇ ವಾಸಿ. ಕೈಯೇನೂ ಅಲುಗಲಿಲ್ಲ.

ಕುಸುಮಳ ರಕ್ತದ ವರದಿ ಬಂತು. ಭಯವಿಲ್ಲ. ಪುಸ್ತಕ ಇನ್ನೂ ಅವಳ ಹತ್ತಿರವೇ ಇದೆ. ಕೇಳಿಲ್ಲ.

ಮಧ್ಯಾಹ್ನ ಪಕ್ಕದ ಕೋಣೆಯಿಂದ ಸ್ವಾಮಿ ಕೂಗಿದ. "ಮೇಡಂ, ಒಂದ್ನಿಮಿಷ. ಈ ಗೆರೆ ಚರ್ಮವಾ, ಪೊರೆಯಾ?"

ಊಟದ ಡಬ್ಬಿ ಬಿಟ್ಟು ಹೋದೆ. ಮಗು ಅಂಗಾತ, ಗಾಢ ನಿದ್ದೆ. ಹಾಸಿಗೆಯ ಮೇಲಿದ್ದ ಹುಡುಗಿ ನಮ್ಮಿಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಳು. ನನ್ನ ಚೀಲದಲ್ಲಿ ಫೋನು ಬಡಿದುಕೊಳ್ಳತೊಡಗಿತು. ಸಿದ್ದರಾಜುವಿನದೇ ಇರಬೇಕು. ಬಡಿದುಕೊಳ್ಳಲಿ ಎಂದು ಬಿಟ್ಟೆ.

"ನಂಗೂ ಗೊತ್ತಾಯ್ತಾ ಇಲ್ಲ ಕಣಪ್ಪ" ಎಂದೆ. ಹುಡುಗಿಗೆ ಕೈಕೊಟ್ಟು ಎಬ್ಬಿಸಿದೆ. "ಎದ್ದೇಳವ್ವ. ಓಗಿ ನಡ್ಕೊಂಡ್ ಬಾ. ಅದು ಏಳೋಗಂಟ ನಾವೂ ಎಲ್ಲೂ ಓಗಕಿಲ್ಲ."